ಪಾತಿ

ಬೈತಕೋಲ ಬಂದರು. ಬೆಳಗಿನ ಜಾವ ಮೂರು ಹತ್ತು.
ವೀಲ್‌ಹೌಸಿನ ಹಲಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದೇನೆ,
ಮಡಿಲಲ್ಲಿ ಲ್ಯಾಪ್‌ಟಾಪು, ಹಲ್ಲಿನ ನಡುವೆ ಟಾರ್ಚು,
ಮೂರು ತಂತಿ: ಹೇಳಲು ಒಂದು, ಕೇಳಲು ಒಂದು, ನೆಲಕ್ಕೊಂದು.
ಮೀನು ಹುಡುಕುವ ಪೆಟ್ಟಿಗೆ ಎದೆ ಬಿಚ್ಚಿಕೊಂಡು ಬಿದ್ದಿದೆ.

"ಜೀವ ಉಂಟೋ ಇಲ್ವೋ ತಂಗಿ?"
ಉಮಾಕಾಂತ ತಾಂಡೇಲ ಮೂರನೇ ಸಲ ಕೇಳುತ್ತಾನೆ.
ಐಸು ತುಂಬಿಯಾಗಿದೆ. ನಾಲ್ಕೂವರೆಗೆ ಬಿಡಬೇಕು.

ಏನು ಹೇಳಲಿ. ಕೆಂಪು ದೀಪವೇನೋ ಉರಿಯುತ್ತಿದೆ.
ಕರೆಂಟು ಬಂದ ಮಾತ್ರಕ್ಕೆ ಯಾರೂ ಎದ್ದ ಹಾಗಲ್ಲ.
ಕಣ್ಣು ಬಿಟ್ಟ ಕ್ಷಣ ಅದಕ್ಕೆ ಗೊತ್ತಿರುವುದು
ಒಂದೇ ಒಂದು ವಿಳಾಸ.
ಪರದೆ ಇರುವುದು ಗೊತ್ತಿಲ್ಲ, ಕಡಲಿರುವುದು ಗೊತ್ತಿಲ್ಲ,
ತನಗೊಂದು ನೆನಪಿದೆ ಎಂಬುದೇ ನೆನಪಿಲ್ಲ.
ಯಾರೋ ಚಿಪ್ಪಿನೊಳಗೆ ಕೊರೆದು ಬಿಟ್ಟ ನಾಲ್ಕು ಸಾಲಿನ ಬುದ್ಧಿ:
ಅಲ್ಲಿಗೆ ಹೋಗು,
ಸಿಕ್ಕಿದ್ದನ್ನು ಹೊತ್ತು ತಾ,
ತಂದದ್ದು ಹೇಳಿದಂತೆ ಕೇಳು.
ನಾಲ್ಕನೆಯದು: ಆಗದಿದ್ದರೆ ಸುಮ್ಮನಿರು.

"ಜೆಟ್ಟಿ ಇಲ್ಲದಾಗ, ಮಾಜಾಳಿಯಲ್ಲಿ,
ದೂರ ನಿಂತ ದೊಡ್ಡ ದೋಣಿ ಹೇಗೆ ಹತ್ತುತ್ತಿದ್ದಿರಿ?"
"ಪಾತಿಯಲ್ಲಿ. ಇಬ್ಬರು ಕೂತರೆ ಮೂರನೆಯವ ನೀರಿಗೆ."
"ಪಾತಿಯಲ್ಲಿ ಬಂಗಡೆ ಹಿಡಿಯಬಹುದಿತ್ತೇ?"
"ಅದರ ಕೆಲಸ ಅದಲ್ಲ. ದೊಡ್ಡದರ ಮಗ್ಗುಲಿಗೆ ಮುಟ್ಟಿಸುವುದು, ಮುಗೀತು."
"ಹಾಗೇ ಇದು," ಎಂದೆ. "ಸಣ್ಣದು ನಡುವಿನದನ್ನು ತರಬೇಕು,
ನಡುವಿನದು ದೊಡ್ಡದನ್ನು. ಎಲ್ಲೋ ನಡುನೀರಲ್ಲಿ ನಿಂತಿದೆ."

ಬೀಡಿ ಆರುವವರೆಗೆ ಯೋಚಿಸಿದ.
"ಪಾತಿಯನ್ನು ನೂಕಿದವ ಯಾರು ಹಾಗಾದರೆ?"

ಒಳ್ಳೆ ಪ್ರಶ್ನೆ. ಟಾರ್ಚು ಹಿಡಿದು ತೋರಿಸಿದೆ:
ಸಾಸಿವೆಗಿಂತ ತುಸು ದೊಡ್ಡ ಕೆಪಾಸಿಟರು.
ತಾನು ತುಂಬುವವರೆಗೆ ಎಲ್ಲರ ಹಿಂಗುತ್ತಿಗೆ ಹಿಡಿದಿರುತ್ತದೆ,
ತುಂಬಿತು, ಕೈ ಬಿಟ್ಟಿತು.
"ಓ," ಎಂದ ತಾಂಡೇಲ, "ನಮ್ಮಪ್ಪನೂ ಹಾಗೇ.
ಅಂಡು ಹಿಡಿದು ನಿಲ್ಲುವುದು, ನೂಕುವುದಲ್ಲ.
ಅಲೆ ಎತ್ತಿದಾಗ ಬಿಟ್ಟರೆ ಸಾಕು, ತಾನೇ ಹೋಗ್ತದೆ."

ಬಟನ್ ಒತ್ತಿದೆ. ಅಕ್ಷರಗಳು ಉದುರತೊಡಗಿದವು,
ಸ್ವಲ್ಪ ಹೊತ್ತು ಎಲ್ಲ ಸರಿ, ಆಮೇಲೆ ಲೆಕ್ಕ ತಪ್ಪಿತು.
ಚೀಟಿಯಲ್ಲಿ ನಲವತ್ತು ಬುಟ್ಟಿ, ದಡದಲ್ಲಿ ಮೂವತ್ತೊಂಬತ್ತು;
ಒಂದು ಬುಟ್ಟಿಗಾಗಿ ಇಡೀ ಮಾಲು ತಿರಸ್ಕರಿಸುವ ಜಾತಿ ಇದು.
ಕಾವಲು ಗಡಿಯಾರ ಹತ್ತೆಣಿಸಿ ಕೆನ್ನೆಗೆ ಹೊಡೆಯಿತು,
ಮತ್ತೆ ಮೊದಲಿನಿಂದ. ಮತ್ತೆ.
ಹನ್ನೊಂದು ಸಲ ಎದ್ದದ್ದು ಹನ್ನೊಂದು ಸಲ ಅಲ್ಲೇ ಮುಗ್ಗರಿಸಿತು.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಇದು ಕುಡಿದದ್ದೂ ಉಪ್ಪುನೀರೇ.
ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಶ್ಶು,
ಹಸಿರು ಕಟ್ಟಿದ ಎಂಟು ಕಾಲು ಒಂದೊಂದಾಗಿ ತಿಕ್ಕಿದೆ.
ಆಮೇಲೆ ತಂತಿಯಲ್ಲಿ ಹೊಸದನ್ನು ಹನಿಹನಿಯಾಗಿ ಇಳಿಸಿದೆ,
ಆರು ನಿಮಿಷ.
ಒಡಿಶಾದ ಕಲಾಸಿ ಹುಡುಗ ಚಹಾ ತಂದಿಟ್ಟು
ಪರದೆ ನೋಡುತ್ತಾ ಅಲ್ಲೇ ನಿಂತ, ನನ್ನ ಹಾಗೇ ಉಸಿರು ಹಿಡಿದು.

ಲೆಕ್ಕ ತಾಳೆಯಾಯಿತು.
ಪರದೆಯಲ್ಲಿ ಮೊದಲು ತಾರೀಖು: ೧೯೭೦, ಜನವರಿ ಒಂದು,
ಬೆಳಗಿನ ಐದೂವರೆ.
ಬ್ಯಾಟರಿ ಸತ್ತ ಯಂತ್ರಕ್ಕೆ ಪ್ರತಿ ಎಚ್ಚರವೂ ಅದೇ ಬೆಳಗು.
"ಆವಾಗ ಅಪ್ಪ ರಂಪಣಿ ಎಳೆಯುತ್ತಿದ್ದ,"
ತಾಂಡೇಲ ಮೆಲ್ಲನೆ ಅಂದ, "ಈ ಹೊತ್ತಿಗೇ."
ಆಕಾಶದ ಯಾವುದೋ ಉಪಗ್ರಹ ಸಿಕ್ಕಿತು, ತಾರೀಖು ಜಿಗಿಯಿತು;
ಐವತ್ತಕ್ಕೂ ಹೆಚ್ಚು ವರ್ಷ, ನಾವು ಕಣ್ಣು ಮಿಟುಕಿಸುವುದರೊಳಗೆ.

ಕೆಳಗೆಲ್ಲೋ ಟಿಕ್ ಎಂದಿತು. ತಳ, ನಾಲ್ಕು ಮೀಟರ್.
ಜೆಟ್ಟಿಯ ಕೆಸರು. ಅಷ್ಟಾದರೂ ತಿಳಿಯಿತಲ್ಲ.

ಸ್ಕ್ರೂ ಬಿಗಿಯುತ್ತಾ ಹೇಳಿದೆ, ಹೇಳಬೇಕಿರಲಿಲ್ಲ:
"ದೊಡ್ಡದು ಎದ್ದ ಮೇಲೆ ಸಣ್ಣದು ಕೂತಿದ್ದ ಜಾಗ ಉಳಿಯುವುದಿಲ್ಲ.
ನೋಡು, ಅದರ ಮೇಲೇ ಈಗ ಮೀನಿನ ಚಿತ್ರ."
ಹಗ್ಗ ಬಿಚ್ಚುತ್ತಿದ್ದವ ತಲೆಯೆತ್ತಲಿಲ್ಲ.
"ಮಾಜಾಳಿಯ ಪಾತಿ ಏನಾಯಿತು?"
"ಒಂದು ಮಳೆಗಾಲ ಸೌದೆ ಒದ್ದೆಯಾಗಿತ್ತು," ಎಂದ.
"ಒಡೆದು ಅನ್ನ ಬೇಯಿಸಿದೆವು."