ಬಾಬಿನ್‌ನ ಬಾಯಿ

ಮೊದಲು ಇಲಿ ಸತ್ತಿದೆ ಎಂದುಕೊಂಡೆವು.
ಹನ್ನೊಂದು ಮಿಷನ್ನು ಸರಿಸಿ, ಡೆನಿಮ್ ಚೂರಿನ ಗುಡ್ಡೆ ಕೆದರಿ
ಶೇಕ್ಷಾವಲಿ ಅಟ್ಟದ ತಗಡನ್ನೂ ಎತ್ತಿ ನೋಡಿದ.
ಇಲಿ ಇರಲಿಲ್ಲ. ನಾತ ಇತ್ತು.
ಬುತ್ತಿ ಬಿಚ್ಚಿದರೆ ಅದೂ ಬಂದು ಪಂಕ್ತಿಯಲ್ಲಿ ಕೂಡುತ್ತಿತ್ತು.

ಬಾಬಿನ್ ಎಂದಿನ ಹಾಗೆ ನನ್ನ ಪೆಡಲಿನ ಪಕ್ಕ,
ಬಾಲದಿಂದ ನೂಲಿನ ತುಣುಕು ಗುಡಿಸುತ್ತ.
ಎಸೆದ ಕಟಿರೊಟ್ಟಿ ಎತ್ತಿಕೊಂಡಿತು,
ಕತ್ತು ಒಂದು ಕಡೆ ವಾಲಿಸಿ ಅಗಿಯಿತು,
ಬಿಟ್ಟಿತು.
ರೊಟ್ಟಿಯ ಅಂಚಿಗೆ ಕೆಂಪು.
"ಸೊಕ್ಕು ಬಂದೈತೆ," ಅಂದಳು ಹಂಪಮ್ಮ,
"ಕೌಲ್ ಬಜಾರಿನ ಎಲುಬಿನ ರುಚಿ ಹತ್ತೈತೆ ಇದಕ್ಕೆ."
ನಾನೂ ನಕ್ಕೆ.
ಆ ನಗುವನ್ನು ಈಗ ಎಲ್ಲಿಡಲಿ.

ಪಶು ಆಸ್ಪತ್ರೆಯ ಡಾಕ್ಟರು ತುಟಿ ಎತ್ತಿದರು,
ಕಾಲರ್ ಮಗುಚಿ ಒಳಹೊಲಿಗೆ ನೋಡುವ ಹಾಗೆ.
ಬೋರ್ ನೀರು ಕಾಸಿದ ಹಂಡೆಯ ತಳದಂತೆ
ಹಲ್ಲಿನ ಮೇಲೆ ಹಳದಿ ಗಾರೆ.
ಒಸಡು ಬಾತು, ಹಲ್ಲಿನಿಂದ ಬಿಟ್ಟುಕೊಂಡು,
ಸುತ್ತ ಪುಟ್ಟ ಪುಟ್ಟ ಜೇಬು;
ಜೇಬಿನ ತುಂಬ ಕೀವು.
"ಎಷ್ಟು ದಿನ ಆತಮ್ಮ?"
ಗೊತ್ತಿಲ್ಲ ಸಾರ್.
"ದಿನದ ಮಾತಲ್ಲ ಇದು, ವರ್ಷದ್ದು."

ವರ್ಷ!
ವರ್ಷವೆಲ್ಲ ಬಾಗಿಲಿಗೆ ಬಂದು ಬಾಲ ಆಡಿಸಿತಲ್ಲ,
ಕರೆಂಟು ಹೋದರೆ ನಮ್ಮ ಜೊತೆ ಕಟ್ಟೆಗೆ ಬಂತಲ್ಲ,
ರಾತ್ರಿ ಪಾಳಿ ಮುಗಿದರೆ ಓಣಿಯ ತುದಿವರೆಗೂ ಬಿಟ್ಟು ಬರುತ್ತಿತ್ತಲ್ಲ,
ಕುಡುಕರನ್ನು ಕಂಡು ಬೊಗಳುತ್ತಿತ್ತಲ್ಲ,
ಆ ಬಾಯಿಂದಲೇ.
ಡಾಕ್ಟರು ಕೈಗವಸು ಬಿಚ್ಚುತ್ತ ಅಂದರು,
"ನೋವಿದ್ರೂ ತಿಂತಾವೆ. ಹಸಿವು ದೊಡ್ಡದಲ್ಲ?"

ಮರುದಿನ ಮತ್ತು ಕೊಟ್ಟು ಏಳು ಹಲ್ಲು ಕಿತ್ತರು.
ಸ್ಟೀಲ್ ತಟ್ಟೆಗೆ ಬಿದ್ದ ಒಂದೊಂದರ ಸದ್ದೂ
ಜೀನ್ಸಿನ ಗುಂಡಿ ಬಿದ್ದ ಸದ್ದೇ.
ಔಷಧದ ಚೀಟಿಗೆ ತೊಂಬತ್ತು ಪ್ಯಾಂಟಿನ ಜಿಪ್ಪಿನ ಕೂಲಿ ಹೋಯಿತು.
ಹಂಪಮ್ಮ ಅರ್ಧ ಕೊಟ್ಟಳು, ಯಾಕೆ ಅಂತ ಹೇಳಲಿಲ್ಲ.
ಈಗ ಹಾಲಲ್ಲಿ ರೊಟ್ಟಿ ನೆನೆಸಿ
ಅವಳೇ ಕಿವುಚಿ ಹಾಕುತ್ತಾಳೆ, ಬೈಯುತ್ತಲೇ.
ಉಳಿದ ಹಲ್ಲಿಗೆ ಶೇಕ್ಷಾವಲಿಯ ಮಗಳ ಹಳೇ ಬ್ರಷ್ಷು.
ಮನುಷ್ಯರ ಪೇಸ್ಟು ಬ್ಯಾಡ ಅಂದಾರೆ.
ಓಣಿಗೆ ಓಣಿಯೇ ನೋಡಲು ನಿಲ್ಲುತ್ತದೆ.

ನಿನ್ನೆ ಟ್ರಯಲ್ ಕನ್ನಡಿಯ ಮುಂದೆ
ನನ್ನ ತುಟಿ ನಾನೇ ಎತ್ತಿ ನೋಡಿದೆ.
ಹದಿನಾರು ವರ್ಷ ನೂಲು ಕಚ್ಚಿ ಕಡಿದ ಮುಂದಿನ ಹಲ್ಲಿಗೆ
ಸೂಜಿಕಣ್ಣಿನಷ್ಟು ಗೀರು ಬಿದ್ದಿದೆ.
ಬೆಳಿಗ್ಗೆ ಉಗುಳಿದರೆ ಕೆಂಪು.
ಎಷ್ಟು ದಿನ ಆತು?
ಬಾಬಿನ್ ಬಂದು ನನ್ನ ಬಾಯಿ ಮೂಸಿತು,
ತುಸು ಹೊತ್ತು ಅಲ್ಲೇ ನಿಂತಿತು.

ಹೊಲಿಗೆ ಮುಗಿದು ನೂಲು ತುಟಿಯವರೆಗೆ ಬಂದಿತ್ತು.
"ಶೇಕ್ಷಾ," ಎಂದೆ, "ಕತ್ತರಿ ಎಲ್ಲಿಟ್ಟಿಯೋ?"