ಎಂಟಾಣೆ ಕಾಗದ

ಕೋಟೆಯ ಕಂದಕಕ್ಕಿಂತ ದೊಡ್ಡ ನೀರು
ನಾ ನೋಡಿದಾಂವಲ್ಲ.
ಆದರೂ ಇವತ್ತು ಮುಂಜಾನಿಂದ
ಬೆಳಗಾವಿ ಕಚೇರಿ ಮುಂದಿನ ಬೇವಿನ ಬುಡಕ ಕೂತು
ಸಮುದ್ರ ಬರ್ಯಾಕ ಹತ್ತೇನಿ.

ಘಟ್ಟ ಏರಿ ಬಂದಾರ ಇಬ್ಬರು ಹಡಗಿನ ಧಣಿಗಳು,
ವೆಂಗುರ್ಲೆಯ ಹಸನಮಿಯಾ ಖತೀಬರು, ಪುರುಷೋತ್ತಮ ಶೆಣವಿ.
ಮೂರನೇದವರು ನಮ್ಮ ಶಹಾಪುರದ ಚನಮಲ್ಲಪ್ಪ.
ಇವರೂ ನನ್ನ ಹಂಗ, ಕಡಲು ಕಂಡವರಲ್ಲ,
ಒಂದು ಪತ್ತೇಮಾರಿಯೊಳಗ ನಾಲ್ಕಾಣೆ ಪಾಲು ಅದ, ಅಷ್ಟ.

"ಬರಕೋ" ಅಂದರು. ಬರಕೊಂಡೆ:
ಮಹಾಮೆಹರ್ಬಾನ ಸಾಹೇಬರ ಹುಜೂರಿಗೆ
ಬಡ ವ್ಯಾಪಾರಸ್ಥರ ಅರಿಕೆ ಏನಂದರ...
'ಬಡ' ಅನ್ನೂ ಮುಂದ ಶೆಣವಿಯವರು
ಕಿವಿಯ ಭಿಕಬಾಳಿ ಮುಟ್ಟಿ ನೋಡಿಕೊಂಡರು.

ಹೊಸ ಕಾಯ್ದೆ. ಕಡಲಗಳ್ಳರ ಬಂದೋಬಸ್ತಿಗಂತ.
ಹಡಗಕ್ಕ ನಾಲ್ಕು ಬಂದೂಕು, ಸರಕಾರದ ಕಡೆಯಿಂದನ ಕೊಳ್ಳಬೇಕು.
ಬಂದೂಕಿಗೊಬ್ಬ ಸಿಪಾಯಿ, ಅವನ ಪಗಾರ, ಪಡಿ, ಬೂಟು.
ಬಂದರ ಬಿಡೂವಾಗ ಒಂದು ಚೀಟಿ, ಸೇರೂವಾಗ ಇನ್ನೊಂದು,
ನಡುವ ಗಾಳಿಗೆ ಹಾರಿದರ ದಂಡ.
ಮ್ಯಾಲ ಸಾವಿರ ರೂಪಾಯಿ ಜಾಮೀನು,
ನಾವ ಕಳ್ಳರಲ್ಲ ಅಂತ.

"ಹನ್ನೊಂದು ವರ್ಷದಾಗ ಕಳ್ಳರು ನನ್ನ ಹಡಗ ಹತ್ತಿದ್ದು ಒಂದ ಸಲ.
ಆರು ಅಂಡಿಗಿ ಹತ್ತಿ, ತಾಮ್ರದ ಹಂಡೆ, ಒಂದು ಕುರಿ ಒಯ್ದರು.
ಈ ಕಾಯ್ದೆ ಖೇಪು ಖೇಪಿಗೂ ಹತ್ತತದ" ಅಂದರು ಖತೀಬರು.
"ಹಂಡೆ ಬರಿ" ಅಂದರು ಶೆಣವಿ, "ಕುರಿ ಬಿಡು."
ಚನಮಲ್ಲಪ್ಪ ಬೆರಳು ಮಡಚತಿದ್ದರು:
ಬೈಲಹೊಂಗಲದ ಹತ್ತಿ, ಎತ್ತಿನ ಬಾಡಿಗಿ, ಘಟ್ಟದ ಸುಂಕ,
ಈಗ ಬಂದೂಕಿನ ಎಣ್ಣಿ.
"ಗುಂಡು ಹಾರದಿದ್ರೂ ವಾರಕ್ಕೆರಡು ಸಲ ಹಚ್ಚಬೇಕಂತ!"

ಮಧ್ಯಾಹ್ನ ಅವರು ಉಣ್ಣಾಕ ಹೋದರು.
ಗ್ವಾಡಿ ನೆರಳಿಂದ ಎದ್ದು ಬಂದ ಧಾಕು ತಾಂಡೇಲ.
ಹಡಗ ನಡಸಾಂವ, ಇಲ್ಲಿ ಗಂಟು ಹೊರಾಕ ಬಂದಿದ್ದ.
ನೆಲದ ಮ್ಯಾಲೂ ಕಾಲಗಲಿಸಿ ನಿಲ್ಲತಿದ್ದ,
ಬೆಳಗಾವಿ ಇನ್ನೇನು ವಾಲತದ ಅನ್ನೂಹಂಗ.

"ಸಿಪಾಯಿಗಳು ನಿಮ್ಮ ಕಡೆಯವರು, ಘಟ್ಟದ ಮ್ಯಾಲಿನವರು.
ಮಾಲವಣ ದಾಟೂದರೊಳಗ ನಾಲ್ವರೂ
ಹತ್ತಿ ಮ್ಯಾಲ ಕಾರಿಕೊಂಡು ಮಲಗತಾರ.
ಬಂದೂಕು ನಾನ ಒರಸತೇನಿ."
ಸ್ವಲ್ಪ ಸುಮ್ಮನಿದ್ದ. ಆಮ್ಯಾಲ,
"ಅವರು ಉಣ್ಣೂದು ಯಾರ ಪಡಿ, ಗೊತ್ತೇನು?
ಆಳಿಗೆ ಸೇರು ಅಕ್ಕಿ ಇತ್ತು. ಕಾಯ್ದೆ ಬಂದ ದಿನಾನ ಮುಕ್ಕಾಲು.
ಮೀನ ಅದಾವಲ್ಲ ಅಂದರು ಧಣಿಗಳು.
ಅದನ್ನ ಬರದೀಯೇನು?"

ಕಾಗದ ನೋಡಿದೆ.
ಎಂಟಾಣೆ ಛಾಪಾ ಕಾಗದ,
ಖರ್ಚು ಭಾಳ ಆತು ಅನ್ನಾಕೂ ಖರ್ಚು.
ಬುಡಕ ಎರಡು ಬೆರಳಷ್ಟ ಜಾಗ ಉಳಿದಿತ್ತು,
ಮೂರು ದಸ್ತಖತ್ತಿಗೆ.
ಒಂದು ಸಾಲು ಹಿಡೀತಿತ್ತು, ಸಣ್ಣಗ ಬರದಿದ್ದರ.
ಬೂಟು ಬರದ ಕೈ, ಎಣ್ಣಿ ಬರದ ಕೈ,
ಲೆಕ್ಕಣಿಕಿ ಅದ್ದಿ, ಮತ್ತ ಕುಡಿಕಿ ಅಂಚಿಗೆ ಒರೆಸಿ ಇಟ್ಟಿತು.
ನನಗ ಸಾಲಿನ ಮ್ಯಾಲ ಮಜೂರಿ.
ಕೊಡಾವರು ಇನ್ನೂ ಉಣ್ಣಾಕ ಕೂತಿದ್ದರು.

ಬಂದರು, ಕೈಯಾಗ ತುಪ್ಪದ ವಾಸನಿ.
ಒಬ್ಬರು ಮೋಡಿಯೊಳಗ, ಒಬ್ಬರು ಫಾರಸಿಯೊಳಗ,
ಚನಮಲ್ಲಪ್ಪ ಕನ್ನಡದಾಗ, ದೊಡ್ಡದಾಗಿ,
ಇದ್ದ ಜಾಗ ಎಲ್ಲಾ ತುಂಬಿಸಿ ಸಹಿ ಹಾಕಿದರು.

ಮಸಿ ಆರಲಂತ ಮರಳು ಉದುರಿಸಿದೆ.
ಗಂಟು ತಲಿಗೇರಿಸೂ ಮುಂದ ತಾಂಡೇಲ ಬಗ್ಗಿ,
ನೆಲಕ್ಕ ಬಿದ್ದ ನಾಲ್ಕು ಕಾಳು ಚಿವುಟಿ ನಾಲಿಗಿಗೆ ಹಚ್ಚಿ,
"ಹೊಳೀದು" ಅಂದ,
"ಉಪ್ಪ ಇಲ್ಲ."