ಎಂಟನೆಯ ದಿನದ ಕೆಂಪು

ರುಬ್ರಿಕಾ ಅಂದರೆ ಜಾಜು, ಕೆಮ್ಮಣ್ಣು,
ಲತೀನ್ ಕಲಿಸುವಾಗ ಪಾದ್ರಿ ಒಮ್ಮೆ ಅಂದಿದ್ದರು.
ಖಾನಾಪುರದ ಹುಡುಗರಿಗೆ ಅದನ್ನು ಬಿಡಿಸಿ ಹೇಳಬೇಕೆ?
ಕುಂಬಾರರ ಓಣಿ ಹಾದು ಬಂದ ನಮ್ಮ ಹಿಮ್ಮಡಿ
ಆಗಲೇ ಅರ್ಧ ಪೂಜಾವಿಧಿ ಬರೆದಿತ್ತು
ಇಗರ್ಜಿಯ ನೆಲದ ಮೇಲೆ.

ಕರಿ ಅಕ್ಷರ ದೇವರಿಗೆ ಹೇಳುವುದು,
ಕೆಂಪಕ್ಷರ ನಮಗೆ:
ನಿಲ್ಲು, ಬಾಗು, ಪುಸ್ತಕ ಎಡಕ್ಕೆ ಒಯ್ಯು,
ಇವತ್ತು ಗ್ಲೋರಿಯ ಇಲ್ಲ.
ಕಾಯ್ತಾನಜ್ಜನಿಗೆ ಕರಿ ಬರುತ್ತಿರಲಿಲ್ಲ.
ಕೆಂಪು ಬರುತ್ತಿತ್ತು.

ಹಬ್ಬಗಳ ದರ್ಜೆ ಅವನಿಗೆ ಬೀಗರ ಪಂಕ್ತಿ:
"ಇಬ್ಬರು ಸಂತರು ಒಂದs ದಿನಾ ಬಂದರ
ದೊಡ್ಡಾಂವಗ ಮಣಿ ಹಾಕು.
ಸಣ್ಣಾಂವಗ ಒಂದು ಪ್ರಾರ್ಥನಿ ಕೊಟ್ಟು ಕಳಸು,
ಚಹಾ ಕೊಟ್ಟು ಕಳಸಿದಂಗ.
ಇಬ್ಬರೂ ದೊಡ್ಡಾವರಾದ್ರ
ಒಬ್ಬಾಂವಗ ನಾಳೆ ಬಾ ಅನ್ನು."

ಅಷ್ಟಾಹ ಅಂದರೇನು ಅಂತ ಕೇಳಿದ್ದೆ.
"ಈ ಸಂತಿಯಿಂದ ಮುಂದಿನ ಸಂತಿಗೆ ಬೆರಳ ಮಡಚು.
ಎಷ್ಟಾತು? ಎಂಟು.
ಹಬ್ಬಾನೂ ಹಂಗs, ಹೋಗೂ ಮುಂದ
ಒಮ್ಮೆ ತಿರುಗಿ ಬಂದು ನೋಡತೈತಿ,
ಏನರ ಮರತು ಹೋಗೇನೇನು ಅಂತ."

ಸಾಗವಾನಿ ಕಪಾಟು, ಐದು ಖಾನೆ,
ಬೇವಿನೆಲೆಯ ಮೇಲೆ ಮಡಚಿಟ್ಟ ಐದು ಬಣ್ಣ.
ಕ್ರಿಸ್ಮಸ್ ಕಳೆದರೆ ಅವನಿಗೆ ಕೈಬಿಡುವಿಲ್ಲ:
ಸ್ತೇಫನನಿಗೆ ಕೆಂಪು, ಯೊವಾನ್ನನಿಗೆ ಬಿಳಿ,
ಮರುದಿನ, ಹೆರೋದನ ಕತ್ತಿಗೆ ಸಿಕ್ಕ ಕೂಸುಗಳಿಗೆ
ನೇರಳೆ.
ಗೋದಲಿಯ ಚುಕ್ಕೆ ಇನ್ನೂ ಉರಿಯುತ್ತಿರುವಾಗಲೇ
ಪಾದ್ರಿ ತಪಸ್ಸುಕಾಲದ ಬಣ್ಣ ತೊಟ್ಟು ಬರುತ್ತಿದ್ದರು.

ಹುತಾತ್ಮರಲ್ಲವೇ ಅಜ್ಜ, ಕೆಂಪು ಯಾಕಿಲ್ಲ?
"ಸ್ವರ್ಗದ ಬಾಗಲಾ ಇನ್ನೂ ತೆರದಿದ್ದಿಲ್ಲ,
ಕೂಸುಗೋಳು ಹೊರಗ ಕುಂತಿದ್ದೂ.
ಮ್ಯಾಲ, ತಾಯಿ ಅಳೂ ಮುಂದ
ಹಾರ ತಗೊಂಡು ಯಾರ ಹೋಗತಾರ?
ಎಂಟನೇ ದಿನಕ್ಕ ಕೆಂಪು. ಆವಾಗ ಗ್ಲೋರಿಯ."

ಸ್ಮಶಾನದ ಗೋಡೆಯಾಚೆ, ಮಲಪ್ರಭೆಯ ಕಡೆಗೆ,
ಜ್ಞಾನಸ್ನಾನ ಕಾಣದ ಕೂಸುಗಳ ಜಾಗ.
ಶಿಲುಬೆಯಿಲ್ಲ. ಗುರುತಿಗೆ ಚುಚ್ಚಿದ ಮಡಿಕೆಯ ಚೂರು.
ಅವುಗಳಲ್ಲಿ ಒಂದು ಅವನದು.
ಮಳೆಗಾಲದ ರಾತ್ರಿ, ಸೂಲಗಿತ್ತಿ
ನೀರಿಗೆ ಕೈ ಚಾಚುವ ಮೊದಲೇ.
ಇದನ್ನು ಹೇಳಿದವಳು ಇಸ್ಪ್ರಾಸ ಅಜ್ಜಿ, ಅವನಲ್ಲ,
ನಿಲುವಂಗಿಯ ಅಂಚು ಹೊಲಿಯುತ್ತ,
ದಾರ ಕಚ್ಚಿ ಹರಿದು.

ಆಮೇಲೆ ಬೆಳಗಾವಿಯಿಂದ ಹೊಸ ಪುಸ್ತಕ ಬಂತು.
ಎಂಟನೆಯ ದಿನಗಳನ್ನು ಹೆಚ್ಚುಕಡಿಮೆ ಎಲ್ಲ ತೆಗೆದಿದ್ದರು,
ಬೆರಳೆಣಿಕೆಯವು ಉಳಿದಿದ್ದವು.
ಕೂಸುಗಳಿಗೆ ಇನ್ನು ಅದೇ ದಿನ ಕೆಂಪು.
ಪಾದ್ರಿ ಓದಿ ಹೇಳಿದರು.
ಅಜ್ಜ ಕಪಾಟಿನ ಹಿಡಿಕೆ ಹಿಡಿದೇ ನಿಂತಿದ್ದ.
"ಹಂಗಾದ್ರ ಫಾದರ್,
ಅಳೂ ದಿನಾ ಯಾವ ಖಾನೆದಾಗ ಇಡ್ಲಿ?"
ಪಾದ್ರಿ ಕನ್ನಡಕ ಒರೆಸಿದರು,
ಒರೆಸುತ್ತಲೇ ಇದ್ದರು.

ಜನವರಿ ನಾಲ್ಕು. ಈಗ ಏನೂ ಅಲ್ಲದ ದಿನ.
ಅಜ್ಜ ಪುಸ್ತಕ ಹೇಳಿದಂತೆ ಬಿಳಿ ಹರಡಿಟ್ಟ.
ಪೂಜೆ ಮುಗಿದು, ಬತ್ತಿ ಆರಿಸಿ,
ಕೆಂಪನ್ನು ತೆಗೆದು
ನದಿ ಕಡೆಯ ಕಿಟಕಿಗೆ ತೂಗುಹಾಕಿದ.
ಕೇಳಿದವರಿಗೆ: "ನುಸಿ ಹತ್ತತಾವು, ಗಾಳಿ ಬೇಕು."
ಸಂಜೆಯ ಗಂಟೆಯವರೆಗೂ ಅದು ಅಲ್ಲೇ ತೂಗುತ್ತಿತ್ತು,
ತೋಳಿಲ್ಲದ ಅಂಗಿ.
ಮರುವರ್ಷವೂ. ಅದರ ಮರುವರ್ಷವೂ.

ಅವನು ತೀರಿಕೊಂಡದ್ದು ಒಂದು ಮಂಗಳವಾರ,
ಹಸಿರಿನ ಕಾಲದಲ್ಲಿ, ಯಾವ ಸಂತನ ಹೆಸರೂ ಇರದ ದಿನ.
ಕೀಲಿ ಈಗ ನನ್ನ ಉಡಿದಾರದಲ್ಲಿ.
ಗೋಡೆಯಾಚೆ ನನ್ನವರು ಯಾರೂ ಇಲ್ಲ.
ಗೋಡೆಯೂ ಇಲ್ಲ,
ರಸ್ತೆ ಅಗಲ ಮಾಡುವಾಗ ಹೋಯಿತು.

"ಇದು ಯಾವ ವಿಧಿ?" ಕಿಟಕಿ ನೋಡಿ
ಹೊಸ ಫಾದರ್ ಮೊನ್ನೆ ಕೇಳಿದರು.
ನುಸಿ, ಅಂದೆ.
ಹೊರಗೆ ಮೈಕೊರೆವ ಚಳಿ.
ಅವರು ಹೋಗಿ ಇನ್ನೊಂದು ಕಿಟಕಿಯನ್ನೂ ತೆರೆದರು.